ಸಾಲ, ಅಸಲು ಮತ್ತು ಮಾನ

(ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಯ ಮಸೀದಿಗಳಲ್ಲಿ ಬೇರೆ ಬೇರೆ ಶುಕ್ರವಾರಗಳಂದು ಮಾಡಿದ ಜುಮಾ ಭಾಷಣದ ಸಾರಾಂಶ. ನಮಾಝಿನ ನಂತರ ಜನ ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಿದ್ದೇವೆ.)



ನಮ್ಮ ಊರುಗಳಲ್ಲಿ ಜನಾಝಾ ನಮಾಝಿಗೆ ಸಫ್ ನಿಂತ ಮೇಲೆ ತೀರಿಕೊಂಡವರ ಮಗನೋ ತಮ್ಮನೋ ಮುಂದೆ ಬಂದು ಒಂದು ಮಾತು ಹೇಳುತ್ತಾನೆ. ಮರಹೂಮ್ ಯಾರಿಗಾದರೂ ಕೊಡುವುದಿದ್ದರೆ ನನ್ನನ್ನು ಕಾಣಿರಿ, ಇಲ್ಲವೇ ಮಾಫ್ ಮಾಡಿರಿ ಎನ್ನುತ್ತಾನೆ. ಇದು ಬರೀ ರಿವಾಜು ಅಲ್ಲ. ಪ್ರವಾದಿ(ಸ)ರ ಮುಂದೆ ಒಮ್ಮೆ ಒಂದು ಮಯ್ಯಿತ್ ತಂದಾಗ ಅವರು ಮೊದಲು ಕೇಳಿದ್ದು ಈತನ ಮೇಲೆ ಸಾಲವಿದೆಯೇ ಎಂದು. ಇದೆ ಎಂದು ತಿಳಿದಾಗ ನಮಾಝನ್ನು ನೀವೇ ನಿರ್ವಹಿಸಿರಿ ಎಂದು ಹಿಂದೆ ಸರಿದರು. ಸಹಾಬಿ ಅಬೂ ಕತಾದ(ರ) ಆ ದೀನಾರ್‌ಗಳನ್ನು ತಾವು ತೀರಿಸುವುದಾಗಿ ಹೊತ್ತುಕೊಂಡ ಬಳಿಕವೇ ಅವರು ನಮಾಝಿಗೆ ನಿಂತರು.

ಈ ಘಟನೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಇದರ ಉಳಿದರ್ಧವನ್ನು ಭಾಷಣಕಾರರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಮುಂದೆ ಅಲ್ಲಾಹನು ಮದೀನಾದ ಸಮುದಾಯಕ್ಕೆ ಸಂಪತ್ತಿನ ಬಾಗಿಲು ತೆರೆದಾಗ, ಸಾಲ ಬಿಟ್ಟು ತೀರಿಕೊಂಡ ವಿಶ್ವಾಸಿಯ ಸಾಲ ತೀರಿಸುವ ಹೊಣೆ ತಮ್ಮದು ಎಂದು ಪ್ರವಾದಿ(ಸ) ಸಾರಿದರು. ಅಂದರೆ ಸಾಲ ಮಾಡಿದವನ ಮೇಲೆ ಭಾರವಿದೆ, ಅವನ ಸುತ್ತಲಿನ ಸಮುದಾಯದ ಮೇಲೂ ಇದೆ. ಮೊದಲರ್ಧ ಮಾತ್ರ ಹೇಳಿ ಬಡವನನ್ನು ಹೆದರಿಸುವುದು ಸುಲಭ. ಎರಡನೆಯ ಅರ್ಧ ಹೇಳಿದರೆ ಜಮಾಅತ್ ಕಮಿಟಿಯವರು, ಉಳ್ಳವರು, ನಾವು ಮಿಂಬರಿನ ಮೇಲೆ ನಿಲ್ಲುವವರು ಎಲ್ಲರೂ ಉತ್ತರ ಕೊಡಬೇಕಾಗುತ್ತದೆ.

ಈ ವಿಷಯ ಎತ್ತಿಕೊಳ್ಳಲು ಕಾರಣ ನಿಮಗೆ ಗೊತ್ತಿದೆ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಹಲವು ಜಿಲ್ಲೆಗಳಿಂದ ಒಂದೇ ಬಗೆಯ ಸುದ್ದಿ ಬಂತು. ಸಾಲ ವಸೂಲಿಗೆ ಬಂದವರ ಕಾಟ ತಾಳದೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು, ಕೆಲವರು ಜೀವವನ್ನೇ ಕಳೆದುಕೊಂಡರು. ಸರ್ಕಾರ ಸುಗ್ರೀವಾಜ್ಞೆ ತಂದಿತು. ಸಾಲದ ಮಿತಿ ಮೂರು ಲಕ್ಷವಿರುವಾಗ ದಂಡ ಐದು ಲಕ್ಷ ಹೇಗೆ ಎಂದು ಕೇಳಿ ರಾಜ್ಯಪಾಲರು ಮೊದಲ ಸಲ ಅದನ್ನು ಹಿಂದಕ್ಕೆ ಕಳಿಸಿದರು. ಫೆಬ್ರವರಿ 12ರಂದು ಅದಕ್ಕೆ ಅಂಕಿತ ಬಿತ್ತು. ಅದೇ ವರ್ಷ ಅದು ವಿಧಾನಮಂಡಲದಲ್ಲಿ ಕಾಯ್ದೆಯೂ ಆಯಿತು. ಕಿರುಸಾಲ ಮತ್ತು ಸಣ್ಣಸಾಲದ ವಸೂಲಿಯಲ್ಲಿ ಬಲವಂತದ ಕ್ರಮಗಳನ್ನು ತಡೆಯುವ ಕಾಯ್ದೆ ಅದು. ಆ ಫೆಬ್ರವರಿಯಲ್ಲೇ ನಮ್ಮ ಜಿಲ್ಲೆಯ ಪೊಲೀಸರು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಬಡ್ಡಿ ವ್ಯವಹಾರದವರ ಮನೆಗಳ ಮೇಲೆ ದಾಳಿ ಮಾಡಿದರು. ಬೆಟಗೇರಿಯಲ್ಲಿ ಕೋಟಿಗಳ ಲೆಕ್ಕದಲ್ಲಿ ನಗದು ಸಿಕ್ಕಿತು. ಚಿನ್ನ ಸಿಕ್ಕಿತು. ಬಾಂಡು, ಚೆಕ್ಕುಗಳು ಸಿಕ್ಕವು. ಸುದ್ದಿ ಓದಿ ಬಹಳ ಜನ ಖುಷಿಪಟ್ಟರು. ಆದರೆ ಆ ಬಾಂಡು, ಚೆಕ್ಕುಗಳ ಮೇಲಿನ ಸಹಿಗಳು ಯಾರವು? ತಳ್ಳುಗಾಡಿಯವರದು, ನೇಕಾರರದು, ಗ್ಯಾರೇಜಿನವರದು, ಗಾದಿ ಹೊಲಿಯುವವರದು. ನಮ್ಮ ಮನೆಗಳವೂ ಅದರಲ್ಲಿ ಇದ್ದೇ ಇರುತ್ತವೆ.

ನಮ್ಮ ಮೊಹಲ್ಲಾಗಳಿಗೆ ಸಾಲ ಮೂರು ದಾರಿಯಲ್ಲಿ ಬರುತ್ತದೆ. ಒಂದು, ಊರಿನ ಬಡ್ಡಿಯವರದು. ಮೀಟರ್ ಬಡ್ಡಿ, ವಾರದ ಬಡ್ಡಿ, ದಿನದ ಬಡ್ಡಿ ಎಂದು ಅದಕ್ಕೆ ಹಲವು ಹೆಸರು. ಎರಡು, ಹೆಣ್ಣುಮಕ್ಕಳು 'ಸಂಘದ ಸಾಲ' ಎಂದು ಕರೆಯುವ ಮೈಕ್ರೋ ಫೈನಾನ್ಸ್. ಮೂರು, ಆಟೋ, ಟಂಟಂ, ಬೈಕಿಗೆ ಸಿಗುವ ಫೈನಾನ್ಸ್ ಮತ್ತು ಈಚಿನ ಮೊಬೈಲ್ ಆ್ಯಪ್ ಸಾಲ. ಮೂರಕ್ಕೂ ಕಾನೂನು ಬೇರೆ ಬೇರೆ. ಜನರ ಗೊಂದಲ ಹುಟ್ಟುವುದು ಇಲ್ಲಿಯೇ.

ಮೊದಲು ಬಡ್ಡಿಯವರ ಲೆಕ್ಕ ನೋಡೋಣ. ನೂರಕ್ಕೆ ತಿಂಗಳಿಗೆ ಹತ್ತು ಎಂಬ ಮಾತಿನ ಮೇಲೆ ಒಬ್ಬರು 50,000 ರೂಪಾಯಿ ತೆಗೆದುಕೊಂಡರು ಎಂದಿಟ್ಟುಕೊಳ್ಳಿ. ಮೊದಲ ತಿಂಗಳ ಬಡ್ಡಿ 5,000 ಅಲ್ಲಿಯೇ ಮುರಿದುಕೊಂಡರು, ಕೈಗೆ ಬಂದದ್ದು 45,000. ವರ್ಷ ಕಳೆಯುವಷ್ಟರಲ್ಲಿ, ಮುರಿದುಕೊಂಡದ್ದೂ ಸೇರಿ, ಬಡ್ಡಿ ಎಂದು ಹೋದದ್ದು 60,000. ಅಸಲು 50,000 ಮುಟ್ಟದೆ ಹಾಗೆಯೇ ಕೂತಿದೆ. ಲೇವಾದೇವಿ ಮಾಡಲು ಪರವಾನಗಿ ಬೇಕೆಂದು 1961ರ ಕರ್ನಾಟಕ ಕಾಯ್ದೆಯೇ ಹೇಳುತ್ತದೆ. ಪರವಾನಗಿ ಇರುವವರೂ ಅಡವು ಇಟ್ಟ ಸಾಲಕ್ಕೆ ವರ್ಷಕ್ಕೆ ಶೇ 14, ಅಡವಿಲ್ಲದ ಸಾಲಕ್ಕೆ ಶೇ 16ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಶೇ 16ರ ಪ್ರಕಾರ 50,000ಕ್ಕೆ ವರ್ಷದ ಬಡ್ಡಿ 8,000. ಅವರು ವಸೂಲು ಮಾಡಿದ್ದು 60,000. ವಿಪರೀತ ಬಡ್ಡಿಯನ್ನು ಅಪರಾಧವೆಂದು ಹೇಳುವ 2004ರ ಕಾಯ್ದೆ ಬೇರೆ ಇದೆ. ಇಷ್ಟು ಕಾನೂನುಗಳಿದ್ದೂ ಈ ವ್ಯವಹಾರ ಬೆಳೆದದ್ದೇಕೆ? ಹೆಚ್ಚಿನವರು ದೂರು ಕೊಡಲಿಲ್ಲ, ಅದಕ್ಕೆ. ಸಾಲ ಮಾಡಿದ್ದು ನಾಲ್ಕು ಜನರಿಗೆ ಗೊತ್ತಾದರೆ ಮಾನ ಹೋಗುತ್ತದೆ ಎಂಬ ಹೆದರಿಕೆ. ಆ ಮಾನದ ಹೆದರಿಕೆಯೇ ಬಡ್ಡಿಯವರ ನಿಜವಾದ ಅಡವು.

ಬಡ್ಡಿಯ ವಿಷಯದಲ್ಲಿ ಇಸ್ಲಾಮ್ ಏನು ಹೇಳುತ್ತದೆ ಎಂದು ಇಲ್ಲಿ ಹೊಸದಾಗಿ ಹೇಳಬೇಕಾಗಿಲ್ಲ. ಅಲ್‌ಬಕರ ಅಧ್ಯಾಯದ ಕೊನೆಯ ಭಾಗವನ್ನು ಮನೆಯಲ್ಲಿ ಅನುವಾದದೊಂದಿಗೆ ಓದಿರಿ. ಬಡ್ಡಿ ತಿನ್ನುವವರು, ತಿನ್ನಿಸುವವರು, ಬರೆಯುವವರು, ಸಾಕ್ಷಿ ನಿಲ್ಲುವವರು ಎಲ್ಲರನ್ನೂ ಪ್ರವಾದಿ(ಸ) ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಆದರೆ ಒಂದು ಮಾತು. ಆಸ್ಪತ್ರೆಯ ಬಿಲ್ಲಿಗೆ, ಮಗಳ ಕಾಲೇಜು ಫೀಗೆ ಗತಿಯಿಲ್ಲದೆ ಸಾಲ ತಂದ ವಿಧವೆಯನ್ನೂ, ಅವಳಿಗೆ ಕೊಟ್ಟು ಮಹಲು ಕಟ್ಟಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಬೈಯುವ ಭಾಷಣಗಳು ನಮಗೆ ಒಪ್ಪಿಗೆಯಿಲ್ಲ. ಅವಳು ಬಡ್ಡಿಯವರ ಬಾಗಿಲಿಗೆ ಹೋಗುವ ಮೊದಲು ಯಾರ ಯಾರ ಬಾಗಿಲು ತಟ್ಟಿದ್ದಳು ಎಂದು ಕೇಳಬೇಕು.

ಇನ್ನು ಸಂಘದ ಸಾಲ. ಲಕ್ಷ್ಮೇಶ್ವರದಲ್ಲಿ ನಮಾಝ್ ಮುಗಿದ ಮೇಲೆ ಒಬ್ಬ ಹಿರಿಯರು ಕೇಳಿದರು: "ಹಜರತ್, ಸರ್ಕಾರ ಸಾಲ ಮನ್ನಾ ಮಾಡ್ಯಾದಂತ, ಇನ್ನ ಕಂತು ಕಟ್ಟೂದು ಬ್ಯಾಡಂತ. ಖರೇ ಏನು?" ಖರೇ ಅಲ್ಲ. ಹೊಸ ಕಾಯ್ದೆ ಹೇಳುವುದು ಇಷ್ಟು. ನೋಂದಣಿಯಾಗಲಿ ಪರವಾನಗಿಯಾಗಲಿ ಇಲ್ಲದ ಸಂಸ್ಥೆಗಳು, ಲೇವಾದೇವಿಗಾರರು ಆರ್ಥಿಕವಾಗಿ ದುರ್ಬಲರಾದವರಿಗೆ ಕಾಯ್ದೆಗೆ ಮೊದಲು ಕೊಟ್ಟ ಸಾಲ, ಬಡ್ಡಿ ಸಮೇತ, ತೀರಿದಂತೆಯೇ. ಅದರ ವಸೂಲಿಗೆ ಅವರು ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಬ್ಯಾಂಕು, ಫೈನಾನ್ಸ್ ಕಂಪನಿಗಳ ಸಾಲಕ್ಕೆ ಈ ಮಾತು ಹೊಂದುವುದಿಲ್ಲ. ಅದನ್ನು ಕಟ್ಟಲೇಬೇಕು. ಕಟ್ಟದಿದ್ದರೆ ಕ್ರೆಡಿಟ್ ದಾಖಲೆ ಕೆಡುತ್ತದೆ, ಗುಂಪಿನಲ್ಲಿ ಜಾಮೀನು ನಿಂತ ಉಳಿದ ಹೆಣ್ಣುಮಕ್ಕಳ ಮೇಲೆ ಭಾರ ಬೀಳುತ್ತದೆ. ಆದ್ದರಿಂದ ಮೊದಲ ಕೆಲಸ, ಸಾಲ ಕೊಟ್ಟವರು ಯಾರೆಂದು ತಿಳಿಯುವುದು. ಸಾಲದ ಕಾರ್ಡಿನ ಮೇಲೆ ಸಂಸ್ಥೆಯ ಪೂರ್ಣ ಹೆಸರು ಇರಲೇಬೇಕು. ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿ ಆ ಹೆಸರಿದೆಯೇ ಎಂದು ಓದಿದ ನಮ್ಮ ಹುಡುಗರು ಐದು ನಿಮಿಷದಲ್ಲಿ ನೋಡಿಕೊಡಬಲ್ಲರು. ಇಲ್ಲದಿದ್ದರೆ, ಈ ಕಾಯ್ದೆಯ ಪ್ರಕಾರ ಅದು ಜಿಲ್ಲಾಧಿಕಾರಿಯವರ ಬಳಿ ನೋಂದಣಿಯಾಗಿದೆಯೇ ಎಂದು ಕಚೇರಿಯಲ್ಲಿ ವಿಚಾರಿಸಬೇಕು.

ಕಟ್ಟಲೇಬೇಕು ಎಂದರೆ ಮಾನ ಬಿಟ್ಟು ಕಟ್ಟಬೇಕು ಎಂದಲ್ಲ. ರಿಸರ್ವ್ ಬ್ಯಾಂಕಿನ ಮೈಕ್ರೋ ಫೈನಾನ್ಸ್ ನಿಯಮಗಳು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ವರ್ಷಕ್ಕೆ ಮೂರು ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲವೆಲ್ಲ ಅವುಗಳ ಅಡಿಗೆ ಬರುತ್ತದೆ. ಆ ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿಸಿದರೂ ತಿಂಗಳ ಆದಾಯದ ಅರ್ಧ ದಾಟಬಾರದು. ನಾಲ್ಕು ಸಂಘಗಳ ಸಾಲ ಒಂದೇ ಮನೆಗೆ ಸುರಿದಿದ್ದರೆ ತಪ್ಪು ತೆಗೆದುಕೊಂಡವರದು ಮಾತ್ರ ಅಲ್ಲ, ಲೆಕ್ಕ ನೋಡದೆ ಕೊಟ್ಟವರದೂ ಹೌದು. ವಸೂಲಿ ಇಬ್ಬರೂ ಒಪ್ಪಿದ ಗೊತ್ತಾದ ಜಾಗದಲ್ಲಿ ನಡೆಯಬೇಕು. ಸಾಲಗಾರರು ಅಲ್ಲಿಗೆ ಸತತವಾಗಿ ಎರಡು ಸಲವೋ ಹೆಚ್ಚೋ ಬಾರದಿದ್ದರೆ ಮಾತ್ರ ಸಿಬ್ಬಂದಿ ಮನೆಗೆ ಅಥವಾ ಕೆಲಸದ ಜಾಗಕ್ಕೆ ಹೋಗಬಹುದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನು ಮಾಡುವಂತಿಲ್ಲ. ಬೈಗುಳ, ಬೆದರಿಕೆ, ನೆಂಟರಿಗೋ ಜೊತೆಗೆ ಕೆಲಸ ಮಾಡುವವರಿಗೋ ಕಾಟ, ಸಾಲಗಾರರ ಹೆಸರು ನಾಲ್ಕು ಜನರ ಮುಂದೆ ಹಾಕುವುದು, ಕಟ್ಟದಿದ್ದರೆ ಹೀಗಾಗುತ್ತದೆ ಹಾಗಾಗುತ್ತದೆ ಎಂದು ಸುಳ್ಳು ಹೇಳಿ ಹೆದರಿಸುವುದು, ಎಲ್ಲವೂ ನಿಷಿದ್ಧ. ಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ. ಕಂತು ತಪ್ಪಿದರೆ ದಂಡ ತಪ್ಪಿದ ಮೊತ್ತದ ಮೇಲೆ ಮಾತ್ರ, ಇಡೀ ಸಾಲದ ಮೇಲಲ್ಲ.

ಮಗ್ರಿಬ್ ಆದ ಮೇಲೆ ಬಂದು, ಮನೆಯೊಳಗೆ ಕುಳಿತು, ದುಡ್ಡು ಕೊಡುವವರೆಗೆ ಏಳುವುದಿಲ್ಲ ಎನ್ನುವವರ ಬಗ್ಗೆ ಶಿರಹಟ್ಟಿಯಲ್ಲಿ ಹೆಣ್ಣುಮಕ್ಕಳು ಪರದೆಯ ಆಚೆಯಿಂದ ಚೀಟಿ ಕಳಿಸಿ ಕೇಳಿದರು. ರಾಜ್ಯದ ಹೊಸ ಕಾಯ್ದೆ ಬಲವಂತದ ಕ್ರಮ ಎಂದರೆ ಏನೆಂದು ಬಿಡಿಸಿ ಹೇಳುತ್ತದೆ. ಸಾಲಗಾರರನ್ನಾಗಲಿ ಮನೆಯವರನ್ನಾಗಲಿ ಅವಮಾನಿಸುವುದು, ಹೆದರಿಸುವುದು, ಹೋದಲ್ಲೆಲ್ಲ ಹಿಂಬಾಲಿಸುವುದು, ಮನೆಗೆ, ಕೆಲಸದ ಜಾಗಕ್ಕೆ ಮೇಲಿಂದ ಮೇಲೆ ಬರುವುದು, ವಸೂಲಿಗೆ ಹೊರಗಿನವರನ್ನು, ರೌಡಿಗಳನ್ನು ಕಳಿಸುವುದು, ಮನೆಯ ಸಾಮಾನನ್ನು ಅಥವಾ ಸರ್ಕಾರದ ಸೌಲಭ್ಯಕ್ಕೆ ಬೇಕಾದ ದಾಖಲೆಯನ್ನು ಕಸಿದುಕೊಳ್ಳುವುದು ಇವೆಲ್ಲ ಅದರಲ್ಲಿ ಬರುತ್ತವೆ. ಶಿಕ್ಷೆ ಆರು ತಿಂಗಳಿಂದ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ದೂರು ದಾಖಲಿಸುವುದಿಲ್ಲ ಎಂದು ಪೊಲೀಸರು ಹೇಳುವಂತಿಲ್ಲ. ರೇಷನ್ ಕಾರ್ಡು, ಎಟಿಎಂ ಕಾರ್ಡು ಒತ್ತೆ ಇಟ್ಟುಕೊಂಡು ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ತಾವೇ ತೆಗೆದುಕೊಳ್ಳುವವರಿದ್ದಾರೆ. ಕಾರ್ಡು ಕೊಟ್ಟವರು ಇವತ್ತೇ ಹೋಗಿ ಕೇಳಿರಿ. ಕೊಡದಿದ್ದರೆ ಬ್ಯಾಂಕಿಗೆ ಹೇಳಿ ಕಾರ್ಡು ನಿಲ್ಲಿಸಿರಿ, ಠಾಣೆಗೆ ಬರೆದುಕೊಡಿರಿ.

ಸಾಲ ಕಟ್ಟಲಾಗದ ಕಾರಣಕ್ಕೇ ಯಾರನ್ನೂ ಪೊಲೀಸರು ಎಳೆದೊಯ್ಯುವಂತಿಲ್ಲ. ಅದು ಸಿವಿಲ್ ವ್ಯಾಜ್ಯ. ಇದಕ್ಕೆ ಒಂದು ಅಪವಾದವಿದೆ, ಅದನ್ನು ಗಮನವಿಟ್ಟು ಕೇಳಿರಿ: ಚೆಕ್ಕು. ಖಾಲಿ ಚೆಕ್ಕಿಗೆ ಸಹಿ ಮಾಡಿ ಕೊಟ್ಟರೆ, ಮೊತ್ತ ನಾನು ಬರೆದದ್ದಲ್ಲ ಎಂದು ಆಮೇಲೆ ಹೇಳಿ ಪಾರಾಗುವುದು ಕಷ್ಟ. ಸಹಿ ನಿಮ್ಮದಾಗಿದ್ದು, ನೀವಾಗಿಯೇ ಕೊಟ್ಟಿದ್ದರೆ, ಅದು ಕೊಡಬೇಕಾದ ಹಣಕ್ಕೇ ಕೊಟ್ಟದ್ದು ಎಂದು ನ್ಯಾಯಾಲಯ ಮೊದಲಿಗೆ ಭಾವಿಸುತ್ತದೆ, ಹಾಗಲ್ಲ ಎಂದು ತೋರಿಸುವ ಹೊರೆ ನಿಮ್ಮದು. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಚೆಕ್ಕು ಬೌನ್ಸ್ ಆದರೆ ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡರಷ್ಟು ದಂಡ ಬೀಳಬಹುದು. ವಕೀಲರ ನೋಟಿಸು ಕೈಗೆ ಬಂದ ದಿನದಿಂದ ಹದಿನೈದು ದಿನ ಸಮಯವಿರುತ್ತದೆ. ನಮ್ಮಲ್ಲಿ ಬಹಳ ಜನ ರಿಜಿಸ್ಟರ್ ಅಂಚೆ ಬಂದರೆ ತೆಗೆದುಕೊಳ್ಳುವುದೇ ಇಲ್ಲ, ತೆಗೆದುಕೊಳ್ಳದಿದ್ದರೆ ಕೇಸು ಬರುವುದಿಲ್ಲ ಎಂದುಕೊಂಡಿದ್ದಾರೆ. ಅದರಿಂದ ಕೇಸು ನಿಲ್ಲುವುದಿಲ್ಲ, ನಿಮ್ಮ ಹದಿನೈದು ದಿನ ಮಾತ್ರ ಹೋಗುತ್ತದೆ. ನೋಟಿಸು ತೆಗೆದುಕೊಳ್ಳಿರಿ. ಅದರೊಂದಿಗೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿರಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಅಲ್ಲಿ ಉಚಿತ. ಫೋನು 15100.

ವಾಹನದ ಫೈನಾನ್ಸ್ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇವೆ. ಕಂತು ತಪ್ಪಿದರೆ ಗಾಡಿ ವಶಪಡಿಸಿಕೊಳ್ಳುವ ಹಕ್ಕು ಕರಾರಿನಲ್ಲಿ ಇರಬಹುದು. ಆದರೆ ನಡುರಸ್ತೆಯಲ್ಲಿ ಗೂಂಡಾಗಳನ್ನು ಬಿಟ್ಟು ಕೀಲಿ ಕಸಿಯುವ ಹಕ್ಕು ಯಾರಿಗೂ ಇಲ್ಲ, 2007ರಲ್ಲೇ ಸುಪ್ರೀಂ ಕೋರ್ಟ್ ಬ್ಯಾಂಕುಗಳಿಗೆ ಈ ಎಚ್ಚರಿಕೆ ಕೊಟ್ಟಿದೆ. ಗಾಡಿ ಮಾರಿದರೆ ಎಷ್ಟಕ್ಕೆ ಮಾರಿದರು, ಸಾಲ ಎಷ್ಟು ಕಳೆಯಿತು, ಉಳಿದದ್ದೆಷ್ಟು ಎಂಬ ಲೆಕ್ಕ ಕೇಳಿರಿ. ಆ್ಯಪ್ ಸಾಲಕ್ಕೆ ಕೈ ಹಾಕಲೇಬೇಡಿರಿ. ನಿಮ್ಮ ಮೊಬೈಲಿನ ಫೋಟೋ, ಹೆಸರುಗಳ ಪಟ್ಟಿ ಕೇಳುವ ಆ್ಯಪ್ ರಿಸರ್ವ್ ಬ್ಯಾಂಕಿನ ನಿಯಮ ಮೀರಿದ್ದು. ಈಗಾಗಲೇ ಸಿಕ್ಕಿಬಿದ್ದು ಫೋಟೋ ತಿರುಚಿ ಹೆದರಿಸುತ್ತಿದ್ದರೆ 1930ಕ್ಕೆ ಫೋನು ಮಾಡಿರಿ, ಇನ್ನೊಂದು ಆ್ಯಪಿನಿಂದ ಸಾಲ ತಂದು ಇದನ್ನು ತೀರಿಸಲು ಹೋಗಬೇಡಿರಿ.

ಈಗ ಕಷ್ಟದ ಪ್ರಶ್ನೆ. ಬೆಟಗೇರಿಯಲ್ಲಿ ಒಬ್ಬ ತರುಣ ಎದ್ದು ಕೇಳಿದ: ಬಡ್ಡಿ ಹರಾಮ್ ಅಂದ ಮೇಲೆ ಕಟ್ಟದಿರುವುದೇ ಸವಾಬ್ ಅಲ್ಲವೇ? ಈ ಮಾತು ಹೊಸದಲ್ಲ. 2009ರಲ್ಲಿ ಕೋಲಾರದಲ್ಲಿ ಅಂಜುಮನ್ ಕಮಿಟಿ ಮೈಕ್ರೋ ಫೈನಾನ್ಸ್ ಜೊತೆ ವ್ಯವಹಾರ ಬೇಡವೆಂದು ಮುಸ್ಲಿಮ್ ಹೆಣ್ಣುಮಕ್ಕಳಿಗೆ ಹೇಳಿತು. ಕಂತು ಕಟ್ಟುವುದು ನಿಂತಿತು. ರೇಷ್ಮೆಯ ಕೆಲಸವಿದ್ದ ಇತರ ಊರುಗಳಿಗೂ ಅದು ಹಬ್ಬಿತು. ಕಮಿಟಿಯವರ ಕಾಳಜಿಯನ್ನು ನಾವು ಅನುಮಾನಿಸುವುದಿಲ್ಲ. ವಸೂಲಿಯ ಕಾಟ ಆಗಲೂ ಇತ್ತು. ಆದರೆ ಆಮೇಲೆ ಏನಾಯಿತು? ಸಂಸ್ಥೆಗಳು ಆ ಮೊಹಲ್ಲಾಗಳಿಗೆ ಸಾಲ ಕೊಡುವುದನ್ನು ನಿಲ್ಲಿಸಿದವು. ಬೇಡವೆಂದು ಹೇಳಿದಷ್ಟು ಸುಲಭವಾಗಿ ಬಡ್ಡಿಯಿಲ್ಲದ ಇನ್ನೊಂದು ದಾರಿಯನ್ನು ಕಟ್ಟಿ ಕೊಡಲು ಆಗಲಿಲ್ಲ. ಸಾಲ ಬೇಕಾದ ಕಾರಣ ಮಾತ್ರ ಮನೆಗಳಲ್ಲಿ ಹಾಗೆಯೇ ಉಳಿದಿತ್ತು. ಹೀಗೆ ಅರ್ಧ ಮಾತ್ರ ಮಾಡಿದ ಕೆಲಸದ ಪೆಟ್ಟು ಬೀಳುವುದು ಬಡವರಿಗೇ.

ಕುರ್‌ಆನ್ ಬಡ್ಡಿಯನ್ನು ಬಿಡಲು ಹೇಳಿದ ಜಾಗದಲ್ಲಿಯೇ ಅಸಲು ಕೊಟ್ಟವನ ಹಕ್ಕು ಎಂದು ಹೇಳುತ್ತದೆ. ಅನ್ಯಾಯ ಮಾಡುವುದೂ ಇಲ್ಲ, ಅನ್ಯಾಯಕ್ಕೆ ಒಳಗಾಗುವುದೂ ಇಲ್ಲ, ಎರಡೂ ಒಂದೇ ಉಸಿರಿನಲ್ಲಿ. ಆದ್ದರಿಂದ ಹರಾಮ್ ಎಂಬ ಹೆಸರು ಹೇಳಿ ಅಸಲನ್ನು ನುಂಗುವುದಕ್ಕೆ ದೀನ್‌ನಲ್ಲಿ ದಾರಿಯಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳೋಣ. ಪರವಾನಗಿಯಿಲ್ಲದವನ ಸಾಲ ತೀರಿದಂತೆ ಎಂದು ಕಾಯ್ದೆ ಹೇಳಿತು, ಅಲ್ಲಾಹನ ಮುಂದೆಯೂ ತೀರಿತೇ? ನಮ್ಮ ತಿಳುವಳಿಕೆ ಹೀಗಿದೆ. ಇಲ್ಲಿಯವರೆಗೆ ಬಡ್ಡಿ ಎಂದು ಕಟ್ಟಿದ್ದನ್ನೆಲ್ಲ ಕೂಡಿಸಿರಿ. ಅದು ಕೈಗೆ ಬಂದ ಅಸಲನ್ನು ದಾಟಿದ್ದರೆ ಮನಸ್ಸಿಗೆ ಭಾರ ಇಟ್ಟುಕೊಳ್ಳಬೇಡಿರಿ. ದಾಟಿಲ್ಲವಾದರೆ, ಉಳಿದ ಅಸಲು ಕೋರ್ಟಿನಲ್ಲಿ ಇಲ್ಲದಿದ್ದರೂ ನಿಮ್ಮ ಕೊರಳಲ್ಲಿ ಇದೆ. ಅನುಕೂಲವಾದಾಗ, ಬೆದರಿಕೆಯಿಲ್ಲದೆ, ಸಾಕ್ಷಿಯ ಮುಂದೆ, ರಸೀದಿ ಪಡೆದು ಮುಟ್ಟಿಸಿರಿ. ಇದು ನಮ್ಮ ಅಭಿಪ್ರಾಯ. ನಿಮ್ಮ ನಿಮ್ಮ ಮುಫ್ತಿಗಳಲ್ಲಿ ಕೇಳಿಕೊಳ್ಳಿರಿ.

ಕುರ್‌ಆನಿನ ಅತಿ ಉದ್ದನೆಯ ವಚನ ಯಾವುದರ ಬಗ್ಗೆ ಎಂದು ಮದ್ರಸಾದ ಮಕ್ಕಳನ್ನು ಕೇಳಿ ನೋಡಿರಿ. ನಮಾಝಿನ ಬಗ್ಗೆ ಅಲ್ಲ, ಹಜ್ಜಿನ ಬಗ್ಗೆಯೂ ಅಲ್ಲ. ಸಾಲದ ಕಾಗದ ಬರೆಯುವುದರ ಬಗ್ಗೆ. ಅದರಲ್ಲಿ ಒಂದು ಸೂಕ್ಷ್ಮವಿದೆ. ಪತ್ರದ ಮಾತನ್ನು ಹೇಳಿ ಬರೆಯಿಸಬೇಕಾದವನು ಸಾಲ ಪಡೆಯುವವನು, ಕೊಡುವವನಲ್ಲ. ಅವನಿಗೆ ತಿಳಿವಳಿಕೆ ಸಾಲದಿದ್ದರೆ ಅವನ ಪೋಷಕ ನ್ಯಾಯವಾಗಿ ಹೇಳಬೇಕು. ದುರ್ಬಲನ ಬಾಯಲ್ಲಿ ಮಾತು ಇರಲಿ ಎಂಬ ಈ ಏರ್ಪಾಡು ಹದಿನಾಲ್ಕು ಶತಮಾನ ಹಿಂದಿನದು. ನಮ್ಮಲ್ಲಿ ಇವತ್ತು ನಡೆಯುವುದು ನೇರ ತಿರುಗುಮುರುಗು. ಇಂಗ್ಲಿಷ್ ಕಾಗದ, ಸಣ್ಣ ಅಕ್ಷರ, ಹದಿನೈದು ಕಡೆ ಹೆಬ್ಬೆಟ್ಟು. ಸಾಲದ ಮುಖ್ಯ ವಿವರಗಳನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಕನ್ನಡದಲ್ಲಿ ಕೇಳಿರಿ. ಅದರಲ್ಲಿ ವಾರ್ಷಿಕ ಶೇಕಡಾವಾರು ದರ ಎಂಬ ಒಂದು ಅಂಕಿ ಇರುತ್ತದೆ, ಕಣ್ಣು ಅದರ ಮೇಲೆ ಇರಲಿ. ಏಜೆಂಟ್ ಬಾಯಿಮಾತಿನಲ್ಲಿ ಶೇ 12 ಎನ್ನುತ್ತಾನೆ. 24,000 ರೂಪಾಯಿಗೆ ಎರಡು ವರ್ಷದ ಬಡ್ಡಿ 5,760 ಸೇರಿಸಿ 24 ಕಂತಾಗಿ ಹಂಚಿದರೆ ತಿಂಗಳಿಗೆ 1,240. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ 24,000ದ ಮೇಲೆಯೇ ಹಾಕಿದ್ದರಿಂದ ನಿಜವಾದ ದರ ಶೇ 21 ದಾಟುತ್ತದೆ.

ಹೀಗೆ ಹೇಳಿದ್ದೊಂದು ಕೊಟ್ಟದ್ದೊಂದು ಆದಾಗ ಗ್ರಾಹಕ ನ್ಯಾಯಾಲಯವಿದೆ. ಸಾಲ ಪಡೆದವರೂ ಗ್ರಾಹಕರೇ ಎಂಬುದು ನಮ್ಮವರಿಗೆ ಹೊಳೆಯುವುದೇ ಇಲ್ಲ. ಕೇಳದ ವಿಮೆಗೆ ಹಣ ಕಡಿದುಕೊಂಡದ್ದು, ಸಾಲ ತೀರಿದ ಮೇಲೂ ಎನ್‌ಒಸಿ ಕೊಡದಿರುವುದು, ಕಟ್ಟಿದ ಕಂತು ಲೆಕ್ಕಕ್ಕೆ ಹಿಡಿಯದಿರುವುದು ಎಲ್ಲವೂ ಸೇವಾ ನ್ಯೂನತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ಚಿಂತೆಯಿಲ್ಲ. ಗದಗದಲ್ಲಿ ಜಿಲ್ಲಾ ಆಯೋಗವಿದೆ. ಕೊಟ್ಟ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು, ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೂ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿರಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಅದಕ್ಕೂ ಶುಲ್ಕವಿಲ್ಲ, ಮಾಹಿತಿಗೆ 14448. ಬಾಯಿಮಾತಿನ ದೂರಿಗೆ ಎಲ್ಲಿಯೂ ಬೆಲೆಯಿಲ್ಲ.

ಪ್ರವಾದಿ(ಸ) ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ಒಳಗಿನ ಒದ್ದೆಯನ್ನು ಹಿಡಿದು ತೋರಿಸಿದ್ದು ನಿಮಗೆ ಗೊತ್ತು. ಅದಕ್ಕೂ ಬಹಳ ಮೊದಲು, ಪ್ರವಾದಿತ್ವ ದೊರೆಯುವ ಮುಂಚೆ, ಮಕ್ಕಾದಲ್ಲಿ ಇನ್ನೊಂದು ನಡೆಯಿತು. ಯಮನ್ ಕಡೆಯ ಒಬ್ಬ ವ್ಯಾಪಾರಿ ಮಕ್ಕಾದ ಒಬ್ಬ ಬಲಾಢ್ಯನಿಗೆ ಸರಕು ಮಾರಿದ, ಅವನು ಹಣ ಕೊಡಲಿಲ್ಲ. ಪರಊರಿನವನ ಪರ ಮಾತಾಡುವವರಿರಲಿಲ್ಲ. ಆಗ ಕೆಲವು ಮನೆತನಗಳವರು ಕೂಡಿ, ಯಾರಿಗೇ ಅನ್ಯಾಯವಾಗಲಿ, ಹಕ್ಕು ಸಿಗುವವರೆಗೆ ಜೊತೆ ನಿಲ್ಲುತ್ತೇವೆ ಎಂದು ಒಪ್ಪಂದ ಮಾಡಿಕೊಂಡರು, ಹೋಗಿ ಹಣ ಕೊಡಿಸಿದರು. ಅದೇ ಹಿಲ್ಫುಲ್ ಫುಝೂಲ್. ತರುಣ ಮುಹಮ್ಮದ್(ಸ) ಅದರಲ್ಲಿ ಪಾಲ್ಗೊಂಡಿದ್ದರು. ಇಸ್ಲಾಮಿನ ಕಾಲದಲ್ಲೂ ಅಂಥದ್ದಕ್ಕೆ ಕರೆದರೆ ಹೋಗುತ್ತೇನೆ ಎಂದು ಮುಂದೆ ಹೇಳಿದ್ದರು. ಅಂದು ಸೇರಿದವರು ಮುಸ್ಲಿಮರಲ್ಲ, ಮೋಸ ಹೋದವನೂ ಮುಸ್ಲಿಮನಲ್ಲ ಎಂಬುದನ್ನು ನೆನಪಿಡಿರಿ. ನಮ್ಮ ಮೊಹಲ್ಲಾದ ಪಕ್ಕದ ಓಣಿಯಲ್ಲೂ ಇದೇ ಕಂತು, ಇದೇ ಕಾಟ. ಪಕ್ಕದ ಓಣಿಯ ತಾಯಂದಿರ ಕಾಗದವನ್ನೂ ನಾವು ಓದಿ ಹೇಳಬೇಕು.

ಈ ನೆಲಕ್ಕೆ ಇದು ಹೊಸ ವಿದ್ಯೆಯೂ ಅಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಸಾಹುಕಾರರ ಸಾಲದಿಂದ ಒಕ್ಕಲು ಮನೆಗಳು ಮುಳುಗುತ್ತಿದ್ದ ಕಾಲ ಅದು. ದೇಶದ ಸಹಕಾರ ಚಳವಳಿಯ ಚರಿತ್ರೆ ಹೇಳುವವರು ಆ ಹಳ್ಳಿಯ ಹೆಸರು ಹೇಳದೆ ಮುಂದೆ ಹೋಗುವುದಿಲ್ಲ. ಅವರ ದಾರಿಯಲ್ಲಿ ಬಡ್ಡಿ ಇತ್ತು, ನಮಗೆ ಅದು ಒಗ್ಗುವುದಿಲ್ಲ, ನಿಜ. ಆದರೆ ಊರಿನವರು ಕೂಡಿದರೆ ಸಾಹುಕಾರನ ಬಾಗಿಲು ತಪ್ಪಿಸಬಹುದು ಎಂದು ನೂರಿಪ್ಪತ್ತು ವರ್ಷದ ಹಿಂದೆ ಇಲ್ಲಿಯೇ ತೋರಿಸಿಕೊಟ್ಟರು. ನಮ್ಮ ಬೈತುಲ್ ಮಾಲ್‌ಗಳು ರಂಝಾನಿನಲ್ಲಿ ಕಿಟ್ ಹಂಚಿ ಬೀಗ ಹಾಕಿಕೊಳ್ಳುತ್ತವೆ. ಝಕಾತ್‌ಗೆ ಹಕ್ಕುದಾರರಾದ ಎಂಟು ವಿಭಾಗಗಳಲ್ಲಿ ಸಾಲದಲ್ಲಿ ಸಿಕ್ಕಿಬಿದ್ದವರೂ ಒಬ್ಬರು ಎಂದು ಅತ್ತೌಬ ಅಧ್ಯಾಯ ಸ್ಪಷ್ಟವಾಗಿ ಹೇಳಿದೆ. ಈ ವರ್ಷ ಪ್ರತಿ ಜಮಾಅತ್ ಆ ಒಂದು ಪಾಲನ್ನು ಬೇರೆ ಎತ್ತಿಡಲಿ. ವಿಚಾರಿಸಿ, ಸಾಲ ಕೊಟ್ಟವರಿಗೇ ನೇರವಾಗಿ ಮುಟ್ಟಿಸಲಿ. ಅದರ ಜೊತೆಗೆ ಸಣ್ಣ ಮೊತ್ತದ ಬಡ್ಡಿರಹಿತ ಕೈಸಾಲದ ನಿಧಿ ಇರಲಿ. ಲೆಕ್ಕ ಪ್ರತಿ ತಿಂಗಳು ಮಸೀದಿಯ ಬೋರ್ಡಿನ ಮೇಲೆ ಬರಲಿ. ಲೆಕ್ಕ ತೋರಿಸದ ನಿಧಿಗೆ ಹಣ ಕೊಡಬೇಡಿರಿ. ಹಲಾಲ್ ಲಾಭವೆಂಬ ಮಾತು ನಂಬಿ ಬೆಂಗಳೂರಿನ ಐಎಂಎಗೆ ಉಳಿತಾಯ ಕೊಟ್ಟವರು 2019ರಲ್ಲಿ ಏನು ಅನುಭವಿಸಿದರು ಎಂದು ನೋಡಿದ್ದೇವೆ.

ಇನ್ನು ನಮ್ಮ ಸಫ್‌ಗಳಲ್ಲೇ ಇರುವ ಇಬ್ಬರಿಗೆ ಮಾತು. ಒಬ್ಬರು ಬಡ್ಡಿಗೆ ಕೊಡುವವರು. ನೀವು ಯಾರೆಂದು ಮೊಹಲ್ಲಾಕ್ಕೆ ಗೊತ್ತು, ಮಸೀದಿಯ ಚಂದಾ ಪಟ್ಟಿಯಲ್ಲಿ ನಿಮ್ಮ ಹೆಸರು ಮೇಲೆಯೇ ಇರುವುದರಿಂದ ಯಾರೂ ಹೇಳುತ್ತಿಲ್ಲ ಅಷ್ಟೇ. ಆ ಚಂದಾ ನಮಗೆ ಬೇಡ. ಅಸಲು ನಿಮ್ಮದು, ಅದನ್ನಷ್ಟೇ ತೆಗೆದುಕೊಳ್ಳಿರಿ. ಕಷ್ಟದಲ್ಲಿರುವವನಿಗೆ ಅನುಕೂಲವಾಗುವವರೆಗೆ ಸಮಯ ಕೊಡಿರಿ, ಬಿಟ್ಟುಕೊಟ್ಟರೆ ಅದು ನಿಮಗೇ ಒಳ್ಳೆಯದೆಂದು ಕುರ್‌ಆನ್ ಹೇಳಿದೆ. ಇನ್ನೊಬ್ಬರು ವಸೂಲಿಯ ಕೆಲಸ ಮಾಡುವ ನಮ್ಮ ಹುಡುಗರು. ಡಿಗ್ರಿ ಮುಗಿಸಿ, ಬೇರೆ ಕೆಲಸ ಸಿಗದೆ, ಬೈಕಿಗೆ ಚೀಲ ಹಾಕಿಕೊಂಡು ದಿನಕ್ಕೆ ಇಷ್ಟು ಟಾರ್ಗೆಟ್ ಎಂದು ಓಡುವವರು. ನಿಮ್ಮ ಕಷ್ಟ ನಮಗೆ ಗೊತ್ತು. ಈ ಕೆಲಸದಿಂದ ಹೊರಬರುವ ದಾರಿ ಹುಡುಕಿರಿ, ಹುಡುಕಲು ನಾವೂ ಜೊತೆಗೆ ಬರುತ್ತೇವೆ. ಅಲ್ಲಿಯವರೆಗೆ ನಾಲಿಗೆ ಹಿಡಿತದಲ್ಲಿರಲಿ. ಬೇರೆ ಯಾವ ಪುಣ್ಯವೂ ಇಲ್ಲದ ಒಬ್ಬ ವ್ಯಾಪಾರಿ, ವಸೂಲಿಗೆ ಹೋಗುವ ಆಳುಗಳಿಗೆ ಕಷ್ಟದಲ್ಲಿರುವವರನ್ನು ಬಿಟ್ಟುಬಿಡಿ ಎನ್ನುತ್ತಿದ್ದನೆಂಬ ಒಂದೇ ಕಾರಣಕ್ಕೆ ಅಲ್ಲಾಹನು ಅವನನ್ನು ಬಿಟ್ಟುಬಿಟ್ಟನೆಂದು ಹದೀಸಿನಲ್ಲಿದೆ. ಹಾಗೆಯೇ, ಶಕ್ತಿಯಿದ್ದೂ ಸಾಲ ತೀರಿಸದೆ ಎಳೆದಾಡಿಸುವುದು ಅನ್ಯಾಯವೆಂದೂ ಹದೀಸಿನಲ್ಲಿದೆ. ಮದುವೆಗೆ ಎರಡು ಸಾವಿರ ಜನರನ್ನು ಕರೆದು, ಕೈಸಾಲ ಕೊಟ್ಟ ಗೆಳೆಯನ ಫೋನು ಎತ್ತದವರು ಈ ಕಾಯ್ದೆಯ ನೆರಳಿಗೆ ಬರಬೇಡಿರಿ.

ಸಾಲದ ಭಾರದಲ್ಲಿ ಕತ್ತಲೆಯ ಯೋಚನೆ ಬರುತ್ತಿರುವವರು ಯಾರಾದರೂ ಇದ್ದರೆ, ಇವತ್ತೇ ಒಬ್ಬರ ಮುಂದೆ ಬಾಯಿ ಬಿಟ್ಟು ಹೇಳಿರಿ. ಮನೆಯವರಿಗೆ, ಗೆಳೆಯರಿಗೆ, ನಮಗೆ. ರಾತ್ರಿ ಎಷ್ಟು ಹೊತ್ತಾದರೂ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲಿ ಮಾತಾಡುತ್ತಾರೆ. ಜೀವ ಅಲ್ಲಾಹನ ಅಮಾನತು. ಯಾವ ಫೈನಾನ್ಸಿನ ಅಡವೂ ಅಲ್ಲ.

ಮುಂಡರಗಿಯಲ್ಲಿ ಕೊನೆಗೆ ಬಂದ ಪ್ರಶ್ನೆ ಗಂಡನನ್ನು ಕಳೆದುಕೊಂಡ ಮನೆಯದು. ಇದ್ದತ್ ಇನ್ನೂ ಮುಗಿದಿಲ್ಲ, ಕಂತಿನವರು ಬಾಗಿಲಲ್ಲಿದ್ದಾರೆ, ಏನು ಮಾಡಬೇಕು? ಶರೀಅತ್‌ನಲ್ಲಿ ವಾರಸುದಾರರ ಪಾಲಿಗೆ ಮೊದಲು ಮೃತರ ಸಾಲ ಅವರು ಬಿಟ್ಟ ಆಸ್ತಿಯಿಂದ ತೀರಬೇಕು. ದೇಶದ ಕಾನೂನೂ ಹೀಗೆಯೇ. ವಾರಸುದಾರರ ಹೊಣೆ ಬಿಟ್ಟ ಆಸ್ತಿಯ ಮಟ್ಟಿಗೆ ಮಾತ್ರ, ಸ್ವಂತ ದುಡಿಮೆಯಿಂದ ಕಟ್ಟಬೇಕೆಂದಿಲ್ಲ. ತಾವೇ ಜಾಮೀನು ಸಹಿ ಹಾಕಿದ್ದರೆ ಮಾತು ಬೇರೆ. ಆದರೆ ಅದಕ್ಕೂ ಮೊದಲು ಸಾಲದ ಕಾರ್ಡು ತೆಗೆದು ನೋಡಿರಿ. ಸಾಲ ಕೊಡುವಾಗಲೇ ವಿಮೆಯ ಹೆಸರಲ್ಲಿ ಹಣ ಹಿಡಿದುಕೊಂಡಿರುತ್ತಾರೆ, ಎಷ್ಟೋ ಕಡೆ ಸಾಲಗಾರರ ಜೊತೆ ಗಂಡನ ಅಥವಾ ಹೆಂಡತಿಯ ಜೀವಕ್ಕೂ ಆ ವಿಮೆ ಇರುತ್ತದೆ. ಹಾಗಿದ್ದರೆ ಉಳಿದ ಸಾಲವನ್ನು ವಿಮಾ ಕಂಪನಿ ಕಟ್ಟಬೇಕು. ಕಂತಿನವರು ಇದನ್ನು ತಾವಾಗಿ ಹೇಳುವುದು ಕಡಿಮೆ. ಮರಣವನ್ನು ಪುರಸಭೆಯಲ್ಲೋ ಗ್ರಾಮ ಪಂಚಾಯಿತಿಯಲ್ಲೋ 21 ದಿನದೊಳಗೆ ನೋಂದಾಯಿಸಿರಿ, ಪ್ರಮಾಣಪತ್ರದ ನಾಲ್ಕಾರು ಪ್ರತಿ ಇಟ್ಟುಕೊಳ್ಳಿರಿ. ಆ ಹೆಣ್ಣುಮಗಳು ಹೊರಗೆ ಬರಬೇಕಾಗಿಲ್ಲ. ಜಮಾಅತ್‌ನಿಂದ ಇಬ್ಬರು ಹಿರಿಯರು ಕಾರ್ಡು ಮತ್ತು ಪ್ರಮಾಣಪತ್ರ ಹಿಡಿದು ಆ ಕಚೇರಿಗೆ ಹೋಗಿ, ವಿಮೆಯ ಅರ್ಜಿ ತುಂಬಿಸಿ, ಮುಟ್ಟಿದ ಸೀಲು ಹಾಕಿಸಿಕೊಂಡು ಬರಲಿ.